ಮುಟ್ಟಿದರೆ ಮೊದಲಿನಿಂದ

ನಾನು ಬರೆದ ಆಟವನ್ನು ಮೊಟ್ಟಮೊದಲು ಆಡಿದವನು ಐದು ನಿಮಿಷದೊಳಗೆ ನನ್ನ ವಂಶವನ್ನೆಲ್ಲ ಮರಾಠಿಯಲ್ಲಿ ಬೈದು ಮುಗಿಸಿದ. ಅಷ್ಟು ಸಂತೋಷ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ. ಬೈಯುತ್ತ ಬೈಯುತ್ತಲೇ ಅವನು ಮತ್ತೆ ಗುಂಡಿ ಒತ್ತಿದ್ದನ್ನು ನಾನು ನೋಡಿದ್ದೆ. ಬೈದು ಎದ್ದು ಹೋದರೆ ಆಟ ಕೆಟ್ಟದ್ದು, ಬೈದು ಮತ್ತೆ ಕೂತರೆ ಆಟ ಒಳ್ಳೆಯದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಬೆನ್ನ ಹಿಂದೆ ನಿಂತು ನಾನೇ ಕಲಿತೆ.

ತೊಂಬತ್ತರ ದಶಕದ ನಡುವಿನ ಮಾತು. ನನಗಾಗ ಹತ್ತೊಂಬತ್ತು. ಮನೆ ಅಕ್ಕಲಕೋಟದಲ್ಲಿ, ಕಾಲೇಜು ಸೊಲ್ಲಾಪುರದಲ್ಲಿ. ಬೆಳಗಿನ ಎಸ್.ಟಿ. ಬಸ್ಸಿಗೆ ಹೋಗಿ, ಕಾಲೇಜು ಮುಗಿಸಿ, ಮಧ್ಯಾಹ್ನ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು, ಸಂಜೆ ಮನೆಗೆ ಮರಳುತ್ತಿದ್ದೆ. ಆ ಕ್ಲಾಸಿನ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಕಿಟಕಿಗೆಲ್ಲ ದಪ್ಪ ಪರದೆ, ಒಳಗೆ ಏಸಿ. ಹೊರಗಿನ ಫ್ಲಾಪಿ ಒಳಗೆ ಬಂದರೆ ವೈರಸ್ ಬರುತ್ತದೆಂದು ಸರ್ ಬಾಗಿಲಲ್ಲೇ ನಿಲ್ಲಿಸಿ ಚೀಲ ತೆಗೆಸಿ ನೋಡುತ್ತಿದ್ದರು. ಐದು ಯಂತ್ರ, ಐದಕ್ಕೂ ಬಟ್ಟೆಯ ಮುಸುಕು. ಹೊಸಬರು ಇದನ್ನೆಲ್ಲ ಕಂಡು ಬೆರಗಾಗುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ, ಏಕೆಂದರೆ ನಮ್ಮ ಮನೆಯ ಅಡುಗೆಮನೆಗೂ ಹೆಚ್ಚುಕಡಿಮೆ ಇದೇ ಕಾನೂನು ಇತ್ತು.

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಸ್ವಂತದ್ದೊಂದು ಪ್ರೋಗ್ರಾಂ ಬರೆದು ತೋರಿಸಬೇಕಿತ್ತು. ಉಳಿದವರೆಲ್ಲ ಶಾಲೆಯ ಅಂಕಪಟ್ಟಿ, ಗ್ರಂಥಾಲಯದ ಪುಸ್ತಕಗಳ ಯಾದಿ ಎಂದು ಶುರುಮಾಡಿದರು. ನಾನು ಆಟ ಬರೆದೆ.

ಆಟದಲ್ಲಿ ಒಬ್ಬ ಮುದುಕಿ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ಬರೆದ, ಹೆಬ್ಬೆರಳಿನಷ್ಟು ಎತ್ತರದ ಮುದುಕಿ. ಕೈಯಲ್ಲೊಂದು ಕೊಡ. ಎಡತುದಿಯಲ್ಲಿ ಬಾವಿ, ಬಲತುದಿಯಲ್ಲಿ ಅಡುಗೆಮನೆ, ನಡುವೆ ಅಂಗಳ. ಬಾವಿಯ ನೀರನ್ನು ಅಡುಗೆಮನೆಗೆ ತಲುಪಿಸಬೇಕು, ಅಷ್ಟೇ. ಆದರೆ ಮುದುಕಿ ಮಡಿಯಲ್ಲಿದ್ದಾಳೆ. ದಾರಿಯಲ್ಲಿ ಯಾವುದೂ ಆಕೆಗೆ ಸೋಕಬಾರದು. ಹಗ್ಗದ ಮೇಲೆ ಹಾರಾಡುವ ಬಟ್ಟೆ, ಅಡ್ಡ ಬರುವ ಬೆಕ್ಕು, ಓಡಿ ಬರುವ ಮಗು, ಯಾರೋ ಬಿಟ್ಟ ಚಪ್ಪಲಿ, ಮೂಲೆಯಲ್ಲಿ ಹೊರಗಾಗಿ ಕೂತ ಸೊಸೆ. ಒಂದು ಚುಕ್ಕೆ ತಾಗಿದರೂ ಸಾಕು, ಕೊಡದ ನೀರು ಚೆಲ್ಲಿ ಹೋಗುತ್ತಿತ್ತು. ಪರದೆಯ ತುಂಬ ಇಂಗ್ಲಿಷ್ ಅಕ್ಷರದಲ್ಲಿ ಮರಾಠಿ ಮಾತು ಮೂಡುತ್ತಿತ್ತು: ಪುನ್ಹಾ ಆಂಘೋಳ್. ಅಂದರೆ, ಮತ್ತೆ ಸ್ನಾನ. ಮುದುಕಿ ಬಚ್ಚಲಿಗೆ ಹೋಗಿ ಮಿಂದು ಬಂದು ಮತ್ತೆ ಬಾವಿಯಿಂದ ಶುರು ಮಾಡಬೇಕು.

ಬೇರೆ ಆಟಗಳಲ್ಲಿ ಸೋತವನಿಗೆ ಇನ್ನೊಂದು ಅವಕಾಶವಾದರೂ ಮೊದಲಿನಷ್ಟೇ ಸುಲಭವಾಗಿ ಸಿಗುತ್ತದೆ. ನನ್ನ ಆಟದಲ್ಲಿ ಸೋತಷ್ಟೂ ಕಷ್ಟ ಜಾಸ್ತಿ. ಮುದುಕಿಯ ಹತ್ತಿರ ಒಣಗಿದ ಮಡಿಸೀರೆ ಎರಡೇ. ಎರಡೂ ಮೈಲಿಗೆಯಾದರೆ ಉಟ್ಟ ಸೀರೆಯ ಮೇಲೆಯೇ ನೀರು ಸುರಿದುಕೊಂಡು ಒದ್ದೆಯಲ್ಲೇ ನಡೆಯಬೇಕು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಜಿಗಿತ ಕಡಿಮೆ. ತುಳಸಿಕಟ್ಟೆಯ ಪಕ್ಕದ ಕೆಸರನ್ನು ಒದ್ದೆ ಸೀರೆಯಲ್ಲಿ ದಾಟಲು ಕೂದಲೆಳೆಯಷ್ಟು ಜಾಗ ಇಟ್ಟಿದ್ದೆ. ಅಲ್ಲಿಂದಲೇ ಜಿಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಒಂದು ಉಪಾಯ ಹೊಳೆದ ದಿನ ಬಸ್ಸಿನಲ್ಲಿ ನಾನು ಒಬ್ಬನೇ ನಗುತ್ತ ಕೂತಿದ್ದೆ.

ಈ ಉಪಾಯಕ್ಕಾಗಿ ನಾನು ತಲೆ ಕೆರೆದುಕೊಂಡದ್ದೇನೂ ಇಲ್ಲ. ಎಲ್ಲವೂ ಮನೆಯಲ್ಲೇ ಇತ್ತು. ಮುದುಕಿ ನನ್ನ ಸೋದರತ್ತೆ, ಅಪ್ಪನ ಅಕ್ಕ. ನಾವೆಲ್ಲ ಆಕೆಯನ್ನು ಅತ್ಯಾ ಎನ್ನುತ್ತಿದ್ದೆವು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕಿನೊಂದಿಗೆ ತವರಿಗೆ ಬಂದವಳು ಆ ಹೊತ್ತಿಗೆ ಐವತ್ತು ವರ್ಷದಿಂದ ಅಲ್ಲೇ ಇದ್ದಳು. ಆಕೆಗೆ ಸ್ವಂತ ಕೋಣೆ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಮಲಗುತ್ತಿದ್ದಳು. ಮದುವೆ ಮುಂಜಿಯಲ್ಲಿ ಆಕೆಯನ್ನು ಮುಂದೆ ಕರೆಯುತ್ತಿರಲಿಲ್ಲ. ಮನೆಯ ಯಾವ ವಿಷಯದಲ್ಲೂ ಆಕೆಯ ಮಾತು ಕೇಳುತ್ತಿರಲಿಲ್ಲ. ಆದರೆ ದೇವರ ಅಡುಗೆ ಮಾತ್ರ ಆಕೆಯದು. ಆಕೆ ಮಡಿಯಲ್ಲಿ ನೀರು ತಂದು, ಅಡುಗೆ ಮಾಡಿ, ನೈವೇದ್ಯ ಇಡುವ ತನಕ ತಹಸೀಲ ಕಚೇರಿಯ ಗುಮಾಸ್ತರಾದ ನನ್ನ ಅಪ್ಪ ಕೂಡ ಹಸಿದುಕೊಂಡು ಕೂತಿರಬೇಕು. ಮಧ್ಯಾಹ್ನದ ತನಕ ಆಕೆ ಆ ಮನೆಯ ಕಲೆಕ್ಟರು. ಮಧ್ಯಾಹ್ನದ ಮೇಲೆ ಉಣ್ಣುವ ಒಂದು ಹೆಚ್ಚಿನ ಬಾಯಿ.

ಆಟವನ್ನೂ ನಾನು ಕಂಡುಹಿಡಿದದ್ದಲ್ಲ. ನಾನು ಮತ್ತು ನನ್ನ ಇಬ್ಬರು ತಮ್ಮಂದಿರು ಚಿಕ್ಕವರಿದ್ದಾಗಿನಿಂದ ಅದನ್ನು ಆಡುತ್ತಲೇ ಇದ್ದೆವು. ಅತ್ಯಾ ಕೊಡ ಹೊತ್ತು ಬರುವಾಗ ಕಂಬದ ಹಿಂದೆ ಅಡಗಿ ನಿಂತು ಬೆರಳ ತುದಿಯಿಂದ ಸೀರೆಯ ಅಂಚು ಮುಟ್ಟುವುದು, ಓಡುವುದು. ಆಕೆ ಕಿರುಚುತ್ತಿದ್ದಳು. ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿ ಬಚ್ಚಲಿಗೆ ಹಿಂದಿರುಗುತ್ತಿದ್ದಳು. ಮೂವರಲ್ಲಿ ಯಾರು ಆಕೆಯನ್ನು ಒಂದೇ ಬೆಳಗಿನಲ್ಲಿ ಹೆಚ್ಚು ಸಲ ಮೀಯಿಸುತ್ತಾರೋ ಅವರು ಗೆದ್ದಂತೆ. ನನ್ನದು ನಾಲ್ಕು ಸಲ. ಅದನ್ನು ತಮ್ಮಂದಿರು ಮುರಿಯಲಿಲ್ಲ. ಅವ್ವ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ನಾವು ಕಂಡಿದ್ದೆವು, ಹಾಗಾಗಿ ನಮಗೆ ಹೆದರಿಕೆ ಇರಲಿಲ್ಲ.

ಅತ್ಯಾ ಅಪ್ಪನ ಹತ್ತಿರ ಒಮ್ಮೆಯೂ ಚಾಡಿ ಹೇಳಲಿಲ್ಲ. ಆಕೆ ನಮ್ಮನ್ನು ಪ್ರೀತಿಸುತ್ತಾಳೆ, ಅದಕ್ಕೆ ಹೇಳುವುದಿಲ್ಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಪ್ರೀತಿ ಇದ್ದರೂ ಇತ್ತೇನೋ. ನಿಜವಾದ ಕಾರಣ ಬೇರೆ. ತ್ರಾಸವಾಗುತ್ತದೆ ಎಂದು ಆಕೆ ಬಾಯಿಬಿಟ್ಟಿದ್ದರೆ, ಹಾಗಾದರೆ ಬಿಟ್ಟುಬಿಡು ಎಂದು ಅಪ್ಪ ಅನ್ನುತ್ತಿದ್ದರು. ಬಿಟ್ಟರೆ ಆಕೆಗೆ ಆ ಮನೆಯಲ್ಲಿ ಬೇರೆ ಏನಿತ್ತು?

ನಾನು ಆಟ ಬರೆದ ವರ್ಷ ಮಡಿಯ ಕಟ್ಟು ಇನ್ನೂ ಬಿಗಿಯಾಗಿತ್ತು. ಅಜ್ಜನ ಶ್ರಾದ್ಧದ ದಿನ ಪಾಯಸದಲ್ಲಿ ಎರಡು ಇರುವೆ ಕಂಡಿದ್ದವು. ಅವ್ವ ಬಟ್ಟಲನ್ನು ತಂದು ಅಪ್ಪನ ಎದುರಿಗೆ ಇಟ್ಟಳು. ಅಂದು ಸಂಜೆ ಪಡಸಾಲೆಯಲ್ಲಿ ನಮ್ಮೆಲ್ಲರ ಎದುರಿಗೇ ತೀರ್ಮಾನವಾಯಿತು.

"ಅಕ್ಕಾ, ಸಾಕ ಮಾಡು. ನಿನಗ ಕಣ್ಣ ಕಾಣಸಂಗಿಲ್ಲ," ಎಂದರು ಅಪ್ಪ.

"ಕಣ್ಣ ಕಡಿಮಿ ಆಗ್ಯಾವೋ, ಮಡಿ ಕಡಿಮಿ ಆಗಿಲ್ಲ," ಎಂದಳು ಅತ್ಯಾ. "ಐವತ್ತ ವರ್ಷದಾಗ ಒಂದ ದಿನಾ ನಾ ಮೈಲಿಗಿ ಅಡಗಿ ದೇವ್ರಿಗಿ ಇಟ್ಟಿಲ್ಲ. ಇಟ್ಟೀನಿ ಅಂತ ಯಾರರೆ ತೋರಸ್ರಿ."

ಅಪ್ಪ, "ಹಂಗಾದ್ರ ನಡೀಲಿ. ಆದ್ರ ಮಡ್ಯಾಗ ಹೆಚ್ಚುಕಮ್ಮಿ ಆತಂದ್ರ ಅವತ್ತ ಒಲಿ ಇಕಿಗಿ ಬಿಟ್ಟಕೊಡಬೇಕು ನೋಡು," ಎಂದು ಅವ್ವನ ಕಡೆ ಕೈ ತೋರಿಸಿದರು. ಅತ್ಯಾ ತಲೆಯಾಡಿಸಿದಳು. ಅವ್ವ ಏಳುವಾಗ ಆಕೆಯ ಮುಖದಲ್ಲಿ ಅವಸರವೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಕಾದವಳಿಗೆ ಇನ್ನಷ್ಟು ದಿನ ಕಾಯುವುದು ದೊಡ್ಡ ಮಾತಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದುಕೊಂಡೇ ನಾನು ಆಟ ಬರೆದೆ.

ಕ್ಲಾಸಿನಲ್ಲಿ ಆಟ ಹುಚ್ಚು ಹಿಡಿಸಿತು. ಅದಕ್ಕೆ ಎಲ್ಲರೂ 'ಮ್ಹಾತಾರಿ' ಎಂದು ಹೆಸರಿಟ್ಟರು, ಮರಾಠಿಯಲ್ಲಿ ಮುದುಕಿ ಅಂತ. ಬಸ್ಸು ತಪ್ಪಿಸಿಕೊಂಡವನಿಗೆ "ಪುನ್ಹಾ ಆಂಘೋಳ್!" ಪರೀಕ್ಷೆಯಲ್ಲಿ ನಪಾಸಾದವನಿಗೆ "ಪುನ್ಹಾ ಆಂಘೋಳ್!" ಬಟ್ಟೆ ಅಂಗಡಿಯ ನೌಕರರೂ ಕೆಳಗಿನಿಂದ ಅದನ್ನೇ ಕೂಗತೊಡಗಿದರು. ಒಬ್ಬ ಸಿಟ್ಟಿನಿಂದ ಜಿಗಿತದ ಗುಂಡಿಯನ್ನು ಬಡಿದೂ ಬಡಿದೂ ಅದು ಕಿತ್ತು ಬಂತು. ಸರ್ ಎಲ್ಲರ ಎದುರಿಗೆ ನನ್ನನ್ನು ಬೈದರು. ಊಟದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ತಾವೂ ಆಡಿದರು. ಆಡಿ ಸೋತು ನನ್ನನ್ನು ಕರೆದು, "ಮುದಕಿಗಿ ಇಷ್ಟ ತ್ರಾಸ ಯಾಕ ಕೊಡ್ತಿಯೋ?" ಎಂದು ಕೇಳಿದರು. "ರೂಲ್ಸ್ ಹಂಗ ಅವರಿ ಸರ್," ಎಂದೆ.

ತಡವಳದ ಜಮೀನುದಾರರ ಮಗನೊಬ್ಬ ನಮ್ಮ ಜೊತೆಗಿದ್ದ. ಮಡಿ ಎಂದರೇನೆಂದು ಅವನಿಗೆ ಸರಿಯಾಗಿ ತಿಳಿಯದು. ಅವರ ಮನೆಯಲ್ಲಿ ಅಂಥದ್ದಿರಲಿಲ್ಲ. ಅವನು ಬೆಕ್ಕನ್ನು ದಾಟಲಾರದೆ ಸೋತು ಸೋತು ಕೊನೆಗೆ, "ಈ ಮುದಕಿನ್ನ ಬಾವ್ಯಾಗ ಹಾರಸ್ತೀನಿ ನೋಡು, ನಿನ್ನ ಆಟಾನೂ ಮುಗೀತು ಆಕಿ ತ್ರಾಸೂ ಮುಗೀತು," ಎಂದು ಆಕೆಯನ್ನು ಎಡಕ್ಕೆ ಓಡಿಸಿ ಬಾವಿಗೆ ಹಾರಿಸಿದ. ನಾನು ಅದಕ್ಕೆ ಏನೂ ಬರೆದಿರಲಿಲ್ಲ. ಮುದುಕಿ ಬಾವಿಯ ಗೋಡೆಯೊಳಗೆ ಹೊಕ್ಕು ಅಲ್ಲೇ ನಿಂತಳು, ಯಂತ್ರ ಬಂದ್ ಬಿತ್ತು. ಕ್ಲಾಸೆಲ್ಲ ಚಪ್ಪಾಳೆ. ಹುಡುಗಿಯರ ಸಾಲಿನಲ್ಲಿ ಒಬ್ಬಳು ಮಾತ್ರ ಆಡಲು ಒಪ್ಪಲಿಲ್ಲ. "ನಮ್ಮನ್ಯಾಗ ಮುಂಜಾನಿ ಎದ್ದ ಕೂಡಲೇ ಇದನ್ನ ಆಡೇ ಬಂದಿರ್ತೀನಿ," ಎಂದು ತನ್ನ ಅಂಕಪಟ್ಟಿಯ ಕೆಲಸಕ್ಕೆ ಹಿಂದಿರುಗಿದಳು. ನಮಗೆ ಅದೂ ನಗೆಯ ಮಾತೇ.

ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಸೊಲ್ಲಾಪುರದವನೇ ಒಬ್ಬ ಉದ್ದನೆಯ ಹುಡುಗ. ಅವರಪ್ಪ ಗಿರಣಿಯಲ್ಲಿ ಗುಮಾಸ್ತ. ಒಣ ಸೀರೆಯಲ್ಲಿ ಅವನು ತುಳಸಿಕಟ್ಟೆಯನ್ನೂ ದಾಟುತ್ತಿದ್ದ, ಆದರೆ ಒದ್ದೆ ಸೀರೆಯಲ್ಲಿ ಪ್ರತಿ ಸಲ ಕೆಸರಿಗೆ ಬೀಳುತ್ತಿದ್ದ. ಒಂದು ಇಡೀ ವಾರ ಹಾಗೇ ಬಿದ್ದ. ಎಲ್ಲರ ಎದುರಿಗೆ ಬೀಳುವುದು ಅವನಂಥವನಿಗೆ ಸಹಿಸಲಾಗಲಿಲ್ಲ. ಕೊನೆಗೆ ಕುರ್ಚಿ ಹಿಂದೆ ತಳ್ಳಿ ನನಗೆ ಕೇಳುವಂತೆ ಹೇಳಿದ:

"ಇದು ಖೊಟ್ಟಿ ಆಟ. ಹಿಂಗ ಯಾರೂ ಇರಂಗಿಲ್ಲ. ಯಾ ಮುದಕಿ ಇಷ್ಟ ಸಲ ಹೊಳ್ಳಿ ಹೋಗಿ ಜಳಕಾ ಮಾಡ್ತಾಳಪಾ? ಎರಡ ಸಲ ಮಾಡ್ತಾಳ, ಮೂರನೇ ಸಲ ಯಾರೂ ನೋಡ್ಲಿಲ್ಲಂದ್ರ ಸುಮ್ಮ ಒಳಗ ಹೋಗ್ತಾಳ."

"ನಮ್ಮತ್ಯಾ ಹೋಗಂಗಿಲ್ಲ," ಎಂದೆ.

"ಹೋಗ್ತಾಳ."

"ಬಂದ ನೋಡು ಬೇಕಾದ್ರ."

ಆಡಿದ್ದು ಇಷ್ಟೇ ಮಾತು. ಕಷ್ಟದ ಆಟ ಎಂದರೆ ನನಗೆ ಹಿಗ್ಗು, ಕೆಟ್ಟ ಆಟ ಎಂದರೂ ತಡೆದುಕೊಳ್ಳುತ್ತಿದ್ದೆ. ಸುಳ್ಳು ಆಟ ಎಂದದ್ದನ್ನು ಮಾತ್ರ ತಡೆಯಲಾಗಲಿಲ್ಲ. ನನ್ನ ಆಟ ನಿಜವೆಂದು ತೋರಿಸಲು ನನ್ನ ಹತ್ತಿರ ಇದ್ದ ಸಾಕ್ಷಿ ಆಕೆಯೊಬ್ಬಳೇ.

ಮಾರ್ಗಶಿರದ ಒಂದು ಗುರುವಾರ ಅವರಿಬ್ಬರೂ ಬಂದರು, ಉದ್ದನೆಯವನೂ ತಡವಳದವನೂ. ಗುರುವಾರ ಅಕ್ಕಲಕೋಟಕ್ಕೆ ಸ್ವಾಮಿಗಳ ಮಠದ ದರ್ಶನಕ್ಕೆ ಬರುವ ಮಂದಿ ಬಹಳ. ಇವರೂ ದರ್ಶನದ ನೆಪ ಹೇಳಿಕೊಂಡು ಬಂದು ಊಟಕ್ಕೆ ನಿಂತರು. ಅಪ್ಪ ಕಚೇರಿಗೆ ಹೋಗಿದ್ದರು. ತಮ್ಮಂದಿರು ಶಾಲೆಗೆ. ಬಿಸಿಲೇರಿದ್ದರೂ ಅಂಗಳದ ಕಲ್ಲು ಇನ್ನೂ ಬರಿಗಾಲಿಗೆ ಚುಚ್ಚುವಷ್ಟು ತಣ್ಣಗಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾವು ಮೂವರೂ ಜಗಲಿಯ ಮೇಲೆ ಕೂತೆವು.

ಅಂಗಳವನ್ನು ಕಂಡ ಕೂಡಲೇ ಉದ್ದನೆಯವನ ಬಾಯಿ ತೆರೆಯಿತು. ಬಾವಿ, ಹಗ್ಗದ ಮೇಲಿನ ಬಟ್ಟೆ, ತುಳಸಿಕಟ್ಟೆ, ಅಡುಗೆಮನೆಯ ಮೂರು ಮೆಟ್ಟಿಲು. "ಅರೇ, ತೇಚ್ ಆಹೇ!" ಅದೇ ಇದು, ಎಂದು ಮರಾಠಿಯಲ್ಲಿ ಕೂಗಿದ. ಆ ಒಂದು ಕೂಗಿಗೆ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅತ್ಯಾ ಮಡಿಸೀರೆಯುಟ್ಟು, ಕೊಡ ತುಂಬಿಕೊಂಡು, ಒಂದು ಕೈಯಿಂದ ಸೀರೆಯ ನೆರಿಗೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಬಾವಿಯಿಂದ ಹೊರಟಳು. ತಡವಳದವನು ನಗೆ ತಡೆಯಲಾರದೆ ನನ್ನ ತೊಡೆ ಹಿಂಡಿದ. ಉದ್ದನೆಯವನು ಪಿಸುದನಿಯಲ್ಲಿ ಆಟ ಆಡಿಸಲು ಶುರುಮಾಡಿದ. "ಬಲಕ್ಕ, ಬಲಕ್ಕ. ನಿಲ್ಲು. ಈಗ ಜಿಗಿ." ಅತ್ಯಾಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆಕೆ ಈ ಕಡೆ ನೋಡಲಿಲ್ಲ.

ಉದ್ದನೆಯವನು ಕೈ ತೊಳೆಯುವವನಂತೆ ಎದ್ದು ಹೋಗಿ ಹಗ್ಗದ ಮೇಲಿನ ಟವೆಲನ್ನು ಎಳೆದ. ಟವೆಲಿನ ತುದಿ ಹಾರಿ ಆಕೆಯ ಭುಜಕ್ಕೆ ತಾಗಿತು. "ಸಾರಿ ರೀ ಅತ್ಯಾ," ಎಂದ. ಆಕೆ ಒಂದು ಗಳಿಗೆ ನಿಂತಳು. ನೀರನ್ನು ತುಳಸಿಗೆ ಚೆಲ್ಲಿದಳು. ಕೋಲಿನಿಂದ ಗಳದ ಮೇಲಿನ ಎರಡನೆಯ ಸೀರೆಯನ್ನು ಇಳಿಸಿಕೊಂಡು ಬಚ್ಚಲಿಗೆ ಹೋದಳು.

"ಖರೇನ ಮೊದಲಿಂದ!" ಎಂದ ತಡವಳದವನು. ಅವನಿಗೆ ನಂಬಲಾಗಲಿಲ್ಲ.

ಉದ್ದನೆಯವನು ಬಂದು ಕೂತು, "ಮುಂಜಾನಿದ್ದ ಹಿಡದ ಇದು ಎರಡನೇ ಜಳಕಾ. ನಾ ಹೇಳಿದ್ದು ಮೂರನೇದ್ದು," ಎಂದ.

ಅತ್ಯಾ ಎರಡನೆಯ ಸೀರೆಯಲ್ಲಿ ಹೊರಬಂದಾಗ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತುಟಿ ಬಿಳಿಚಿತ್ತು. ಕೆಮ್ಮಿದಳು. ಮತ್ತೆ ಬಾವಿಯ ಗಡಗಡೆ ತಿರುಗಿತು, ಕೊಡ ತುಂಬಿತು. ತಡವಳದವನು, ಮುದುಕಿಯನ್ನು ಬಾವಿಗೆ ಹಾರಿಸಿ ಚಪ್ಪಾಳೆ ಗಿಟ್ಟಿಸಿದವನು, "ಸಾಕೋ, ಬ್ಯಾಡ. ಥಂಡಿ ಐತಿ," ಎಂದು ನನ್ನ ಅಂಗಿ ಹಿಡಿದ.

ಎರಡನೆಯ ಸಲ ಮುಟ್ಟಿದ್ದು ನಾನು. ಅವನ ಕೈ ಬಿಡಿಸಿಕೊಂಡು ಜಗಲಿ ಇಳಿದು ಹೋದೆ. ಓಡಲಿಲ್ಲ, ಅಡಗಲಿಲ್ಲ. ಆಕೆ ತುಳಸಿಕಟ್ಟೆ ದಾಟುತ್ತಿದ್ದಾಗ ತೋರುಬೆರಳಿನಿಂದ ಮೊಣಕೈಯನ್ನು ಮುಟ್ಟಿದೆ. ಚರ್ಮ ಐಸಿನಂತಿತ್ತು. ಚಿಕ್ಕಂದಿನಲ್ಲಾದರೆ ಕಿರುಚುತ್ತಿದ್ದಳು. ಈಗ ಕಿರುಚಲಿಲ್ಲ, ಕಣ್ಣು ಕಿರಿದು ಮಾಡಿ ಯಾರೆಂದು ನೋಡಿದಳು.

"ನೀ ಏನೋ?" ಎಂದಳು. "ಹತ್ತೊಂಬತ್ತ ವರ್ಷದಾಂವ."

ನೀರು ಚೆಲ್ಲಿ ಬಚ್ಚಲಿಗೆ ಹೋದಳು. ಇನ್ನು ಒಣಗಿದ ಸೀರೆ ಇರಲಿಲ್ಲ. ಉಟ್ಟಿದ್ದರ ಮೇಲೆಯೇ ತಣ್ಣೀರು ಸುರಿದುಕೊಂಡು ತೊಯ್ದ ಸೀರೆಯಲ್ಲೇ ಬರಬೇಕು. ಬಚ್ಚಲಿನಿಂದ ನೀರು ಬೀಳುವ ಸದ್ದು ಕೇಳಿತು. ಒಂದು ತಂಬಿಗೆ, ಎರಡು, ಮೂರು. ನಾವು ಬಾಗಿಲನ್ನೇ ನೋಡುತ್ತ ಕೂತೆವು. ಅವ್ವನೂ ಅಕ್ಕಿಯ ಮೇಲಿನ ಕಣ್ಣೆತ್ತಿ ಆ ಕಡೆ ನೋಡುತ್ತಿದ್ದಳು.

ಆಕೆ ಹೊರಗೆ ಬಂದಳು. ಪಾದ ಒದ್ದೆಯಾಗಿತ್ತು. ಸೀರೆಯ ಕೆಳಗಿನ ಅಂಚು ಒಂದು ಗೇಣಿನಷ್ಟು ಒದ್ದೆಯಾಗಿತ್ತು. ಅದರ ಮೇಲೆ ಸೊಂಟದ ತನಕ, ಭುಜದ ತನಕ ಸೀರೆ ಒಣಗಿಯೇ ಇತ್ತು. ಗಾಳಿಗೆ ಸೆರಗು ಹಾರುತ್ತಿತ್ತು. ಅರವತ್ತೊಂಬತ್ತರ ಮುದುಕಿ ಬಚ್ಚಲಲ್ಲಿ ನಿಂತು, ಐವತ್ತು ವರ್ಷದಲ್ಲಿ ಮೊದಲ ಸಲ, ಮೂರು ತಂಬಿಗೆ ನೀರನ್ನು ನೆಲಕ್ಕೆ ಸುರಿದು ಸದ್ದು ಮಾಡಿ ಬಂದಿದ್ದಳು. ಬಾವಿಗೆ ಹೋಗಿ ಕೊಡ ತುಂಬಿಕೊಂಡು ಅಡುಗೆಮನೆಯ ಕಡೆ ಹೊರಟಳು.

ಉದ್ದನೆಯವನಿಗೆ ಅದು ತಿಳಿಯಲಿಲ್ಲ. ಅವನು ನನ್ನ ಕಡೆ ವಾಲಿ, "ಎರಡ ಸೀರಿ ಅಂದಿದ್ದಿ. ಇಕಿ ಹತ್ರ ಮೂರ ಅವ ನೋಡು. ನಿನ್ನ ಆಟ ಚುಕ್ಯಾದ," ಎಂದ. ಆಟದಲ್ಲಿ ತಪ್ಪಿದೆ, ಎಂದು.

ನಾನು ಅಲ್ಲಿ ಸುಮ್ಮನಿರಬಹುದಿತ್ತು. ಹೌದಪ್ಪಾ, ಮೂರಿವೆ, ನಾನೇ ತಪ್ಪಿದೆ ಎನ್ನಬಹುದಿತ್ತು. ಅವ್ವನಿಗೆ ಅಷ್ಟು ದೂರದಿಂದ ಸೀರೆ ಯಾವುದೆಂದು ಕಾಣುತ್ತಿರಲಿಲ್ಲ. ಅತ್ಯಾ ಇನ್ನು ಹತ್ತು ಹೆಜ್ಜೆ ಇಟ್ಟಿದ್ದರೆ ಅಡುಗೆಮನೆ ಸೇರುತ್ತಿದ್ದಳು, ಒಲೆ ಹೊತ್ತುತ್ತಿತ್ತು, ದೇವರಿಗೇನೂ ಆಗುತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಬಂದದ್ದು ಸಿಟ್ಟು. ಆಕೆ ನನ್ನ ಆಟದ ನಿಯಮ ಮುರಿದಳೆಂಬ ಸಿಟ್ಟು. ಎದ್ದು ನಿಂತು ಕೂಗಿದೆ:

"ಇಲ್ಲ! ಇದು ಅದೇ ಸೀರಿ! ಅತ್ಯಾ ಜಳಕಾನ ಮಾಡಿಲ್ಲ! ನೋಡ್ರಿ, ಸೀರಿ ಒಣಗೇ ಅದ!"

ಕ್ಲಾಸಿನಲ್ಲಿ ಯಾರಾದರೂ ಮೋಸ ಮಾಡಿದರೆ ಹೇಗೆ ಕೂಗುತ್ತಿದ್ದೆವೋ ಹಾಗೆಯೇ ಕೂಗಿದ್ದೆ.

ಅವ್ವ ಮೊರವನ್ನು ಕೆಳಗಿಟ್ಟಳು. ಅಕ್ಕಿಯನ್ನು ಕೈಯಿಂದ ಒಟ್ಟು ಮಾಡಿ, ಸೀರೆ ಕೊಡವಿಕೊಂಡು, ಎದ್ದು ಅಂಗಳಕ್ಕೆ ಬಂದಳು. ಅತ್ಯಾಳ ಸೆರಗಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದಳು, ಅಂಗಡಿಯಲ್ಲಿ ಬಟ್ಟೆಯನ್ನು ನೋಡುವ ಹಾಗೆ. ಅಷ್ಟು ವರ್ಷದಲ್ಲಿ ಅಡುಗೆಗೆ ಮೊದಲು ಅವ್ವ ಆಕೆಯನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಣಗೇದ," ಎಂದಳು. ಆಮೇಲೆ ಬಹಳ ಮರ್ಯಾದೆಯಿಂದ, "ಅಕ್ಕಾ, ಕೊಡಾ ಇತ್ತ ಕೊಡ್ರಿ," ಎಂದಳು.

ಅತ್ಯಾ ಕೊಡವನ್ನು ಬಿಡಲಿಲ್ಲ. ಅವ್ವನೂ ಎಳೆಯಲಿಲ್ಲ. ಅತ್ಯಾ ಏನಾದರೂ ಹೇಳುತ್ತಾಳೆ, ಬೈಯುತ್ತಾಳೆ, ಈ ಹುಡುಗರು ಬೇಕೆಂದೇ ಮುಟ್ಟಿದರು ಎನ್ನುತ್ತಾಳೆ ಎಂದು ನಾನು ಕಾದೆ. ಹಾಗೆ ಹೇಳಿದ್ದರೆ ನನಗೆ ಎದುರು ಮಾತಿರಲಿಲ್ಲ.

"ಥಂಡಿ ಭಾಳ ಇತ್ತ," ಎಂದಳು. ಸಣ್ಣ ಹುಡುಗಿಯ ದನಿ ಅದು. ಕೊಡ ಬಿಟ್ಟಳು.

ಅವ್ವ ಮಿಂದು, ಮಡಿಯುಟ್ಟು, ಅಡುಗೆ ಮಾಡಿದಳು. ಊಟಕ್ಕೆ ಎರಡು ಗಂಟೆಯಾಯಿತು. ಗೆಳೆಯರು ಚೆನ್ನಾಗಿ ಉಂಡರು. ತಡವಳದವನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ ಅನ್ನುವುದು ಬಿಟ್ಟರೆ. 'ಅವತ್ತ' ಎಂದು ಅಪ್ಪ ಹೇಳಿದ್ದ ದಿನ ಬಂದಿತ್ತು. ಸಂಜೆ ಅವ್ವ ಅವರಿಗೆ ಎಲ್ಲವನ್ನೂ ಹೇಳಿದಳು, ಮುಟ್ಟಿದವರು ಯಾರು ಎಂಬುದೊಂದನ್ನು ಬಿಟ್ಟು. ಅಪ್ಪ ಗದರಲಿಲ್ಲ. "ಆತ ಬಿಡು ಅಕ್ಕಾ. ಇನ್ನ ಆರಾಮ ಮಾಡು," ಎಂದರು. ಅದಕ್ಕಿಂತ ಗದರಿದ್ದರೆ ಚೆನ್ನಾಗಿತ್ತು.

ಬಸ್ ಸ್ಟ್ಯಾಂಡಿನ ತನಕ ಉದ್ದನೆಯವನನ್ನು ಕಳಿಸಲು ಹೋಗಿದ್ದೆ. ಬಸ್ಸು ಹತ್ತುವಾಗ ಅವನು ನಕ್ಕು, "ನಾ ಹೇಳಿದ್ದೆನೋ ಇಲ್ಲೋ? ಮೂರನೇ ಸಲ ಹೋಗಂಗಿಲ್ಲ," ಎಂದ. ನಾನು ವಾದದಲ್ಲಿ ಸೋತಿದ್ದೆ. ಸಾಕ್ಷಿ ನುಡಿದವನೂ ನಾನೇ. ಆವತ್ತು ಸಂಜೆ ನನ್ನನ್ನು ಕಾಡಿದ್ದು ಅದು, ಅತ್ಯಾ ಅಲ್ಲ. ಈಗ ಬೇರೆ ಏನೋ ಹೇಳಿ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಳ್ಳುವುದು ಬೇಡ.

ಮರುವಾರ ಆಟಕ್ಕೆ ಹೊಸದೊಂದು ನಿಯಮ ಸೇರಿಸಿದೆ. ಮೂರನೆಯ ಸಲ ಮುದುಕಿಯನ್ನು ಬಚ್ಚಲಿಂದ ಬೇಗ ಹೊರಗೆ ತಂದರೆ ಸೊಸೆ ಮೂಲೆಯಿಂದ ಎದ್ದು ಬಂದು ಸೆರಗು ಹಿಡಿದು ನೋಡುತ್ತಾಳೆ. ಒಣಗಿದ್ದರೆ ಆಟ ಅಲ್ಲಿಗೇ ಮುಗಿಯಿತು, ಮತ್ತೆ ಸ್ನಾನವೂ ಇಲ್ಲ. ಎಲ್ಲರೂ ಅದನ್ನು ಬಹಳ ಮೆಚ್ಚಿದರು. ಸರ್ ನನಗೆ ಪೂರ್ತಿ ಅಂಕ ಕೊಟ್ಟರು. ಎರಡು ತಿಂಗಳಲ್ಲಿ ಯಾರೋ ಪುಣೆಯಿಂದ ಬಣ್ಣದ ಆಟವೊಂದನ್ನು ಫ್ಲಾಪಿಯಲ್ಲಿ ತಂದರು, ಆ ಮೇಲೆ ನನ್ನ ಮ್ಹಾತಾರಿಯನ್ನು ಯಾರೂ ಕೇಳಲಿಲ್ಲ.

ಅತ್ಯಾ ಮುಂದೆ ಕೆಲವು ವಾರ ಮೊದಲಿನ ಹಾಗೆಯೇ ಬೆಳಗಾಗುವ ಮುಂಚೆ ಎದ್ದು, ಮಿಂದು, ಮಡಿಸೀರೆಯುಟ್ಟು ಪಡಸಾಲೆಯ ಮೂಲೆಯಲ್ಲಿ ಕೂರುತ್ತಿದ್ದಳು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದ ಮೇಲೆ ಎದ್ದು ಹೋಗಿ ಸೀರೆ ಬದಲಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ಮನೆಗೆ ಬಂದ ನೆಂಟರಿಗೆ ಮೊಣಕಾಲು ನೋವು, ಅದಕ್ಕೇ ಬಿಟ್ಟೆ ಎನ್ನುತ್ತಿದ್ದಳು. ಹೌದು ಹೌದು ಎಂದು ಅವ್ವ ಒಳಗಿನಿಂದ ದನಿಗೂಡಿಸುತ್ತಿದ್ದಳು. ಊಟಕ್ಕೆ ಎಲ್ಲರದೂ ಆದ ಮೇಲೆ ಆಕೆಯನ್ನು ಕರೆಯುತ್ತಿದ್ದರು. ಒಮ್ಮೊಮ್ಮೆ ಕರೆಯಲು ಮರೆಯುತ್ತಿದ್ದರು, ಆಕೆ ನೆನಪಿಸುತ್ತಿರಲಿಲ್ಲ.

ಆಕೆ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲಿರಬೇಕು. ನಾನು ಸೊಲ್ಲಾಪುರದಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಗ್ಗೆ ಶೂ ಹಾಕಿಕೊಂಡು ಪಡಸಾಲೆ ದಾಟುತ್ತಿದ್ದಾಗ ಆಕೆ ನೆಲದಿಂದ ಏಳಲು ಹೆಣಗುತ್ತಿದ್ದವಳು, ಎಬ್ಬಿಸು ಎಂದು ನನ್ನ ಕಡೆ ಕೈ ಚಾಚಿದಳು. ನಾನು ಯೋಚಿಸದೆ ಗೋಡೆಯ ಕಡೆ ಸರಿದೆ. ಮಡಿಯ ಮನೆಯಲ್ಲಿ ಬೆಳೆದವನ ಮೈ ಅದು, ತಾನಾಗಿಯೇ ಸರಿಯಿತು.

ಅತ್ಯಾಳ ಕೈ ಹಾಗೆಯೇ ಇತ್ತು. "ಮುಟ್ಟೋ," ಎಂದಳು. "ಈಗ ಮುಟ್ಟಿದ್ರ ಏನೂ ಆಗಂಗಿಲ್ಲ."

ನನಗೆ ಬಸ್ಸಿಗೆ ಹೊತ್ತಾಗಿತ್ತು. ಅವ್ವನನ್ನು ಕಳಿಸುತ್ತೇನೆ ಎಂದು ಹೇಳಿ ಹೊರಗೆ ಬಂದೆ.